ಭೇದಿ ನಿಂತ ಮೇಲಿನ ಲೆಕ್ಕ

ಮಳೆಗಾಲ ಶುರುವಾಯಿತೆಂದರೆ ಅಹಮದಾಬಾದಿನ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಅಲ್ಲಿನ ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗ ಕೊಡುವ ಪಟ್ಟಿ ಅದು. ವಾಂತಿ-ಭೇದಿ ಇಷ್ಟು, ಕಾಮಾಲೆ ಇಷ್ಟು, ಟೈಫಾಯಿಡ್ ಇಷ್ಟು, ಕಾಲರಾ ಇಷ್ಟು. ಜೊತೆಗೆ ನಲ್ಲಿ ನೀರಿನ ಮಾದರಿ ಎಷ್ಟು ಪರೀಕ್ಷೆಯಾದವು, ಅವುಗಳಲ್ಲಿ ಎಷ್ಟರಲ್ಲಿ ಕ್ಲೋರಿನ್ ಇರಲೇ ಇಲ್ಲ ಎಂಬ ವಿವರ. ಗೋಮ್ತಿಪುರ, ಬೆಹರಾಮ್‌ಪುರ, ದಾಣೀಲಿಮಡಾ, ಲಾಂಭಾ, ವಟ್ವಾ ಎಂದು ನಗರದ ಪೂರ್ವ-ದಕ್ಷಿಣದ ಅವೇ ಹೆಸರುಗಳು ಪ್ರತಿ ವರ್ಷವೂ ಬರುತ್ತಿರುತ್ತವೆ. ನಮ್ಮ ಎಷ್ಟೋ ನಗರಸಭೆಗಳು ಕಾಯಿಲೆಯನ್ನೇ ಒಪ್ಪಿಕೊಳ್ಳದೆ ‘ಪರಿಸ್ಥಿತಿ ಹತೋಟಿಯಲ್ಲಿದೆ’ ಎಂಬ ಹೇಳಿಕೆಯಲ್ಲಿ ದಿನ ತಳ್ಳುವುದನ್ನು ನೋಡಿದವರಿಗೆ ಇಂಥದೊಂದು ಪಟ್ಟಿ ಹೊರಬರುವುದೇ ದೊಡ್ಡ ಮಾತು ಅನ್ನಿಸುತ್ತದೆ.

ನನ್ನ ತಕರಾರು ಆ ಪಟ್ಟಿ ಮುಗಿಯುವ ಜಾಗದ ಬಗ್ಗೆ. ರೋಗಿ ಆಸ್ಪತ್ರೆಯಿಂದ ಮನೆಗೆ ಹೋದ ದಿನ ಅವನ ಲೆಕ್ಕ ಚುಕ್ತಾ ಆಗುತ್ತದೆ. ಮುಂದಿನ ವಾರದ ಪಟ್ಟಿಯಲ್ಲಿ ಅವನಿಲ್ಲ, ಮುಂದಿನ ವರ್ಷದ್ದರಲ್ಲೂ ಇಲ್ಲ. ಹತ್ತು ವರ್ಷದ ಮೇಲೆ ಅದೇ ಮನುಷ್ಯ ಕಾಲು ಊದಿಸಿಕೊಂಡು, ಬಿ.ಪಿ. ಏರಿಸಿಕೊಂಡು ಮೂತ್ರಪಿಂಡ ತಜ್ಞರ ಮುಂದೆ ಕೂತಾಗ, ಆ ಹಳೆಯ ಭೇದಿಗೂ ಈ ಊದಿಕೊಂಡ ಕಾಲಿಗೂ ಸಂಬಂಧ ಇದ್ದೀತೇ ಎಂದು ಕೇಳಲು ಕಾಗದವೇ ಉಳಿದಿರುವುದಿಲ್ಲ. ಕೆಟ್ಟ ನೀರು, ಕೆಟ್ಟ ಆಹಾರದಿಂದ ತೀವ್ರವಾಗಿ ಕಾಯಿಲೆ ಬಿದ್ದವರ ಲೆಕ್ಕವನ್ನು ಭೇದಿ ನಿಂತ ದಿನ ಮುಚ್ಚಬಾರದು. ಮೂರು ತಿಂಗಳ ನಂತರ ಒಮ್ಮೆ ತೆರೆದು ನೋಡಬೇಕು, ಆಯ್ದ ಕೆಲವರದ್ದನ್ನು ವರ್ಷ ವರ್ಷವೂ ನೋಡಬೇಕು. ಇದನ್ನು ಮಾಡಬಲ್ಲ ಶಕ್ತಿ ಗುಜರಾತಿನ ಈ ಮೂರು ನಗರಗಳಿಗೆ, ಅಹಮದಾಬಾದ್, ವಡೋದರಾ, ಸೂರತ್‌ಗಳಿಗೆ, ಬೇರೆ ಊರುಗಳಿಗಿಂತ ಹೆಚ್ಚೇ ಇದೆ. ಹಾಗಾಗಿಯೇ ಅವುಗಳ ಮೇಲೆ ನನ್ನ ಕಣ್ಣು.

ಹೊಟ್ಟೆಯ ಕಾಯಿಲೆ ಮೂತ್ರಪಿಂಡಕ್ಕೆ ಹೇಗೆ ತಗಲುತ್ತದೆ ಎಂಬುದನ್ನು ಮೊದಲು ನೋಡೋಣ. ತೀರಾ ಸಾಮಾನ್ಯವಾದ ದಾರಿ ನಿರ್ಜಲೀಕರಣ. ಕಾಲರಾದಂಥ ಭೇದಿಯಲ್ಲಿ ಕೆಲವೇ ತಾಸುಗಳಲ್ಲಿ ಲೀಟರುಗಟ್ಟಲೆ ನೀರು ಹೋಗುತ್ತದೆ. ರಕ್ತದ ಗಾತ್ರ ಇಳಿದಾಗ ದೇಹ ಮೆದುಳು, ಹೃದಯಗಳನ್ನು ಉಳಿಸಿಕೊಳ್ಳಲು ಮೂತ್ರಪಿಂಡದ ಪಾಲನ್ನು ಕಡಿಮೆ ಮಾಡುತ್ತದೆ. ಒಂದು ಮಿತಿಯವರೆಗೆ ಇದು ಸರಿಹೋಗುವ ತೊಂದರೆ, ನೀರು-ಉಪ್ಪು ಮರಳಿ ಸಿಕ್ಕ ಕೂಡಲೇ ಮೂತ್ರ ಬರುತ್ತದೆ. ಆ ಮಿತಿ ದಾಟಿದರೆ ಮೂತ್ರಪಿಂಡದೊಳಗಿನ ಸೂಕ್ಷ್ಮ ನಾಳಗಳ ಒಳಪದರ ಸಾಯತೊಡಗುತ್ತದೆ. ಹಿಂದೆ ಭಾರತದಲ್ಲಿ ಹಠಾತ್ ಮೂತ್ರಪಿಂಡ ವೈಫಲ್ಯಕ್ಕೆ ಭೇದಿಯೇ ದೊಡ್ಡ ಕಾರಣಗಳಲ್ಲೊಂದಾಗಿತ್ತು. ಚಂಡೀಗಢದ ಪಿಜಿಐ ಸಂಸ್ಥೆಯ ಡಾ. ಕೆ.ಎಸ್. ಚುಘ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ದಾಖಲಿಸಿದ್ದು ಇದನ್ನೇ. ಓಆರ್‌ಎಸ್ ಬಂದ ಮೇಲೆ ಆ ಪಾಲು ಇಳಿಯಿತು, ಆದರೆ ಸೊನ್ನೆಯಾಗಲಿಲ್ಲ.

ಎರಡನೆಯ ದಾರಿ ವಿಷದ್ದು. ಜಪಾನಿನ ಕಿಯೋಶಿ ಶಿಗಾ 19ನೇ ಶತಮಾನದ ಕೊನೆಯಲ್ಲಿ ರಕ್ತಭೇದಿಯ ರೋಗಾಣುವನ್ನು ಗುರುತಿಸಿದರು, ಅದರ ವಿಷಕ್ಕೆ ಅವರ ಹೆಸರೇ ನಿಂತಿತು. ಆ ಶಿಗೆಲ್ಲಾ ರೋಗಾಣುವಿನ ಒಂದು ಬಗೆ, ಹಾಗೂ ಇ. ಕೋಲಿ ಒ157ರಂಥ ಕೆಲವು ಇ. ಕೋಲಿ ತಳಿಗಳು ಈ ವಿಷವನ್ನು ಹುಟ್ಟಿಸುತ್ತವೆ. ವಿಷ ಕರುಳಿನಿಂದ ರಕ್ತಕ್ಕೆ ಇಳಿದು, ಮೂತ್ರಪಿಂಡದ ಸೋಸುಗಂಟುಗಳಲ್ಲಿರುವ ನವಿರಾದ ರಕ್ತನಾಳಗಳ ಒಳಗೋಡೆಗೆ ಅಂಟುತ್ತದೆ. ಅಲ್ಲಿ ಸಣ್ಣ ಸಣ್ಣ ಹೆಪ್ಪುಗಳು ಕಟ್ಟುತ್ತವೆ, ಆ ಇಕ್ಕಟ್ಟಿನಲ್ಲಿ ಹಾಯುವ ಕೆಂಪು ರಕ್ತಕಣಗಳು ಹರಿದುಹೋಗುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ಮೂತ್ರ ನಿಲ್ಲುತ್ತದೆ. ವೈದ್ಯರು ಎಚ್‌ಯುಎಸ್ ಎನ್ನುವುದು ಇದಕ್ಕೇ. ಈ ರೋಗದ ಮೋಸ ಅದು ಬರುವ ಹೊತ್ತಿನಲ್ಲಿದೆ. ಭೇದಿ ಶುರುವಾಗಿ ವಾರ ಕಳೆದು, ಮಗು ಚೇತರಿಸಿಕೊಂಡಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಅದು ಕಾಣಿಸಿಕೊಳ್ಳುತ್ತದೆ. ಮಗು ಬಿಳುಚಿಕೊಂಡಿದೆ, ಉಚ್ಚೆ ಮಾಡುತ್ತಿಲ್ಲ ಎಂದು ತಾಯಿ ಹೇಳಿದರೆ ‘ನಿಶ್ಶಕ್ತಿ, ಟಾನಿಕ್ ಕೊಡಿ’ ಎನ್ನುವ ಕಾಂಪೌಂಡರುಗಳಿಗೆ ನಮ್ಮಲ್ಲಿ ಬರವಿಲ್ಲ.

ಮೂರನೆಯ ದಾರಿ ಸೂರತ್ ಜಿಲ್ಲೆಯ ಕೆಸರುಗದ್ದೆಯಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಯಾವ ದಾರಿಯಿಂದ ಬಂದರೂ ಪೆಟ್ಟು ಬೀಳುವುದು ನೆಫ್ರಾನುಗಳೆಂಬ ಸೋಸುವ ಘಟಕಗಳಿಗೆ. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಇರುತ್ತವೆ. ಹುಟ್ಟುವಾಗ ಎಷ್ಟಿವೆಯೋ ಅಷ್ಟೇ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಹತ್ತು ಒಲೆಯ ಹೋಟೆಲಿನಲ್ಲಿ ನಾಲ್ಕು ಒಲೆ ಕೆಟ್ಟರೂ ಮಾಲೀಕ ಉಳಿದ ಆರನ್ನೇ ಜೋರಾಗಿ ಉರಿಸಿ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಬಡಿಸುತ್ತಾನೆ, ಎಲೆಯ ಮುಂದೆ ಕೂತ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಉಳಿದ ನೆಫ್ರಾನುಗಳು ಹೀಗೆ ಹೆಚ್ಚು ಒತ್ತಡದಲ್ಲಿ ದುಡಿಯುತ್ತ ವರ್ಷಗಳು ಕಳೆದಂತೆ ತಾವೂ ಗಟ್ಟಿಯಾಗಿ, ಒಣಗಿ, ಕೆಲಸ ಬಿಡುತ್ತವೆ. ಮೂತ್ರಪಿಂಡ ಸೋಸಬೇಕಾದ ಕ್ರಿಯಾಟಿನಿನ್ ಎಂಬ ಕಸದ ಅಂಕೆ ರಕ್ತದಲ್ಲಿ ಏರುವ ಹೊತ್ತಿಗೆ ಅರ್ಧದಷ್ಟು ಶಕ್ತಿ ಹೋಗಿರಬಹುದು. ಅದಕ್ಕೂ ಮೊದಲು ಕಾಣಿಸುವ ಸುಳಿವುಗಳು ಎರಡು: ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನು, ಸದ್ದಿಲ್ಲದೆ ಏರುವ ರಕ್ತದೊತ್ತಡ. ಎರಡಕ್ಕೂ ನೋವಿಲ್ಲ, ಹುಡುಕಿದರೆ ಮಾತ್ರ ಸಿಗುತ್ತವೆ.

ಹುಡುಕಿ ನೋಡಿದ ಊರೊಂದಿದೆ. ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಕರ್‌ಟನ್. ಐದು ಸಾವಿರದೊಳಗಿನ ಜನಸಂಖ್ಯೆಯ, ಸುತ್ತ ದನದ ಕೊಟ್ಟಿಗೆಗಳಿರುವ ಸಣ್ಣ ಪಟ್ಟಣ. 2000ದ ಮೇ ತಿಂಗಳಲ್ಲಿ ಹೊಡೆದ ಜೋರು ಮಳೆಗೆ ಸೆಗಣಿಗೊಬ್ಬರ ಕೊಚ್ಚಿಕೊಂಡು ಬಂದು ಊರಿಗೆ ನೀರೊದಗಿಸುವ ಒಂದು ಆಳವಿಲ್ಲದ ಬಾವಿಗೆ ಇಳಿಯಿತು. ಬಾವಿಯಲ್ಲಿ ಸಾಕಷ್ಟು ಕ್ಲೋರಿನ್ ಹಾಕುತ್ತಿರಲಿಲ್ಲ. ನೋಡಿಕೊಳ್ಳಬೇಕಾದವರು ಕ್ಲೋರಿನ್ ಅಳೆಯದೆಯೇ ದಾಖಲೆ ಪುಸ್ತಕದಲ್ಲಿ ಅಂಕೆ ತುಂಬುತ್ತಿದ್ದರು, ನೀರು ಕೆಟ್ಟಿದೆ ಎಂಬ ಪ್ರಯೋಗಾಲಯದ ವರದಿ ಕೈಗೆ ಬಂದ ಮೇಲೂ ಮುಚ್ಚಿಟ್ಟರು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಜನ ಸತ್ತರು. ಇಪ್ಪತ್ತಕ್ಕೂ ಹೆಚ್ಚು ಮಂದಿಗೆ, ಬಹುಪಾಲು ಮಕ್ಕಳಿಗೆ, ಎಚ್‌ಯುಎಸ್ ಆಯಿತು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ಆಯೋಗ 2002ರಲ್ಲಿ ವರದಿ ಕೊಟ್ಟಿತು. ಕ್ಲೋರಿನ್ ಹಾಕದೆಯೇ ಅಂಕೆ ಬರೆಯುವ ವಿದ್ಯೆ ನಮಗೆ ಹೊಸದಲ್ಲ ಬಿಡಿ. ಹೊಸದು ಅನ್ನಿಸುವುದು ಅಲ್ಲಿ ಆ ಮೇಲೆ ನಡೆದದ್ದು.

ಸರಕಾರದ ಹಣದಲ್ಲಿ ಊರಿನ ಜನರನ್ನು ವರ್ಷ ವರ್ಷ ಕರೆದು ಪರೀಕ್ಷಿಸಿದರು. ಬಿ.ಪಿ. ನೋಡಿದರು, ರಕ್ತ-ಮೂತ್ರ ತೆಗೆದುಕೊಂಡರು. ವಿಲಿಯಂ ಕ್ಲಾರ್ಕ್, ಅಮಿತ್ ಗರ್ಗ್ ಮೊದಲಾದ ವೈದ್ಯರು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. 1,977 ವಯಸ್ಕರ ಅಧ್ಯಯನ ಅದು. ಆಗ ಭೇದಿ ಆಗದವರಿಗೆ ಅಥವಾ ಅಲ್ಪಸ್ವಲ್ಪ ಆದವರಿಗೆ ಹೋಲಿಸಿದರೆ, ತೀವ್ರವಾಗಿ ಆದವರಲ್ಲಿ ಅಧಿಕ ರಕ್ತದೊತ್ತಡದ ಅಪಾಯ ಸುಮಾರು 1.3 ಪಟ್ಟು, ಹೃದ್ರೋಗದ್ದು 2.1 ಪಟ್ಟು. ಮೂತ್ರಪಿಂಡದ ಕೆಲಸ ಕುಗ್ಗಿ, ಮೂತ್ರದಲ್ಲಿ ಪ್ರೋಟೀನೂ ಸೋರುವ ಅಪಾಯ 3.4 ಪಟ್ಟು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ, ಮನೆಯಲ್ಲೇ ನಾಲ್ಕು ದಿನ ನರಳಿ ಎದ್ದವರು. ಇದಕ್ಕೂ ಮೊದಲು, 2003ರಲ್ಲಿ, ಗರ್ಗ್ ಮತ್ತು ಸಂಗಡಿಗರು ಜಗತ್ತಿನ ಹಲವೆಡೆಯ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ್ದರು: ಭೇದಿಯಿಂದ ಎಚ್‌ಯುಎಸ್ ಆದವರಲ್ಲಿ ನೂರಕ್ಕೆ 12 ಜನ ಸಾಯುತ್ತಾರೆ ಅಥವಾ ಶಾಶ್ವತ ಮೂತ್ರಪಿಂಡ ವೈಫಲ್ಯಕ್ಕೆ ಒಳಗಾಗುತ್ತಾರೆ, ಬದುಕುಳಿದವರಲ್ಲಿ ನಾಲ್ಕನೇ ಒಂದು ಪಾಲಿಗೆ ಮೂತ್ರಪಿಂಡದ ತೊಂದರೆ ಉಳಿಯುತ್ತದೆ.

ಈ ಅಂಕೆಗಳನ್ನು ಹಿಡಿದು ಹೆದರಿಸುವುದು ಸುಲಭ. ಅದು ಬೇಡ. ವಾಕರ್‌ಟನ್ ಅಧ್ಯಯನದಲ್ಲಿ ಮೂತ್ರಪಿಂಡದ ಕೆಲಸ ಕುಗ್ಗುವುದು, ಪ್ರೋಟೀನು ಸೋರುವುದು, ಈ ಎರಡೂ ಒಟ್ಟಿಗೆ ಕಂಡವರ ಸಂಖ್ಯೆ ಕೇವಲ 30. ಎಚ್‌ಯುಎಸ್ ಆಗದೆ ಬರೀ ಭೇದಿಯಿಂದ ಚೇತರಿಸಿಕೊಂಡ ಮಕ್ಕಳಲ್ಲಿ ಕೆಲವು ವರ್ಷಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲೂ ಇಲ್ಲ. ಅಂದರೆ, ಮದುವೆ ಊಟ ಮಾಡಿ ಎರಡು ದಿನ ಹೊಟ್ಟೆ ಕೆಟ್ಟವರೆಲ್ಲ ಕಿಡ್ನಿ ಹೋಯಿತೆಂದು ಎದೆ ಬಡಿದುಕೊಳ್ಳಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಒ157 ಎಂಬ ತಳಿ ಭಾರತದಲ್ಲಿ ಅಪರೂಪ. ನಮ್ಮಲ್ಲಿ ಮಕ್ಕಳ ಎಚ್‌ಯುಎಸ್‌ಗೆ ಹಿಂದೆ ಕಾರಣವಾಗಿದ್ದ ಶಿಗೆಲ್ಲಾ ಬಗೆಯೂ ಈಗ ಬಹಳ ಕಡಿಮೆಯಾಗಿದೆ. ಇಂದು ನಮ್ಮ ಮಕ್ಕಳಲ್ಲಿ ಕಾಣುವ ಎಚ್‌ಯುಎಸ್‌ನಲ್ಲಿ ದೊಡ್ಡ ಪಾಲು ಭೇದಿಗೆ ಸಂಬಂಧಿಸಿದ್ದೇ ಅಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನದು. ಹಾಗಿದ್ದ ಮೇಲೆ ಕೆನಡಾದ ಕಥೆ ಗೋಮ್ತಿಪುರಕ್ಕೆ ಏಕೆ ಎಂದು ಕೇಳಿದರೆ ತಪ್ಪಲ್ಲ.

ಇದಕ್ಕೆ ನನ್ನ ಉತ್ತರ ಹೀಗಿದೆ. ರೋಗಾಣುಗಳ ಭೂಪಟ ಒಂದೇ ಕಡೆ ನಿಲ್ಲುವುದಿಲ್ಲ. 2011ರಲ್ಲಿ ಉತ್ತರ ಜರ್ಮನಿಯಲ್ಲಿ ಅದುವರೆಗೆ ಬಹುತೇಕ ಯಾರೂ ಲೆಕ್ಕಕ್ಕಿಟ್ಟಿರದ ಇ. ಕೋಲಿ ತಳಿಯೊಂದು 3,800ಕ್ಕೂ ಹೆಚ್ಚು ಜನರನ್ನು ಮಲಗಿಸಿತು, 800ಕ್ಕೂ ಹೆಚ್ಚು ಮಂದಿಗೆ ಎಚ್‌ಯುಎಸ್ ಆಯಿತು, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿ, ಕೊನೆಗೆ ಬೆರಳು ತೋರಿಸಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಕಾಳಿನ ಮೊಳಕೆಯ ಕಡೆಗೆ. ಮೆಂತ್ಯ ಬೆಳೆದು ಮೆಂತ್ಯ ತಿನ್ನುವ ಗುಜರಾತಿನವರಿಗೆ ಇದು ದೂರದ ಸುದ್ದಿಯಾಗಬಾರದು. ಇನ್ನೊಂದು ಮಾತು: ನಮ್ಮಲ್ಲಿ ಭೇದಿಯಾದವರ ಮಲಪರೀಕ್ಷೆ ಮಾಡಿ ರೋಗಾಣು ಯಾವುದೆಂದು ಗುರುತಿಸುವುದು ಎಷ್ಟು ಮಂದಿಗೆ? ಹುಡುಕದಿದ್ದರೆ ಯಾವುದೂ ಅಪರೂಪವೇ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೂತ್ರಪಿಂಡಗಳಿಗೆ ಪೆಟ್ಟು ಕೊಡಲು ಆ ವಿಷವೇ ಬೇಕಾಗಿಲ್ಲ. ನಿರ್ಜಲೀಕರಣ ಸಾಕು. ಕಾರಣ ಯಾವುದೇ ಇರಲಿ, ಒಮ್ಮೆ ಹಠಾತ್ತಾಗಿ ಮೂತ್ರಪಿಂಡ ಕೈಕೊಟ್ಟು ಚೇತರಿಸಿಕೊಂಡವರಲ್ಲಿ ಮುಂದೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಸಾಧ್ಯತೆ ಹೆಚ್ಚು ಎಂಬುದರಲ್ಲಿ ತಜ್ಞರಿಗೆ ಈಗ ಭಿನ್ನಾಭಿಪ್ರಾಯವಿಲ್ಲ. ಅಂತಾರಾಷ್ಟ್ರೀಯ ತಜ್ಞರ ಕೂಟವಾದ ಕೆಡಿಗೋ 2012ರಲ್ಲೇ ಹೇಳಿದೆ: ಹೀಗಾದವರನ್ನು ಮೂರು ತಿಂಗಳಿಗೆ ಕರೆದು ಮತ್ತೆ ಪರೀಕ್ಷಿಸಿ.

ಅಹಮದಾಬಾದಿನ ಬಿಸಿಲನ್ನೂ ಇದಕ್ಕೆ ಸೇರಿಸಿ. 2010ರ ಮೇ ತಿಂಗಳಲ್ಲಿ ತಾಪ 46.8 ಡಿಗ್ರಿ ಮುಟ್ಟಿ, ಆ ಒಂದೇ ತಿಂಗಳಲ್ಲಿ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. 2013ರಲ್ಲಿ ನಗರ ತನ್ನದೇ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು. ಅಂಥ ಬಿಸಿಲಲ್ಲಿ ಗಾರೆ ಕೆಲಸಕ್ಕೆ ನಿಂತವನಿಗೆ ಭೇದಿಯೂ ಹತ್ತಿದರೆ ಒಂದರ ಮೇಲೊಂದು ಪೆಟ್ಟು. ಕೂಲಿ ತಪ್ಪಬಾರದೆಂದು ಅವನು ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ನುಂಗುತ್ತಾನೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ಆ ಮಾತ್ರೆಗಳು ಒಣಗಿದ ದೇಹದ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕಿರಿದು ಮಾಡುತ್ತವೆ.

ಈಗ ಸೂರತ್. ಆ ನಗರದ ಹೆಸರು ಹೇಳಿದರೆ ನಮ್ಮ ತಲೆಮಾರಿಗೆ ನೆನಪಾಗುವುದು 1994ರ ಸೆಪ್ಟೆಂಬರಿನ ಪ್ಲೇಗು, ರೈಲಿನ ಬಾಗಿಲಲ್ಲಿ ಜೋತಾಡಿಕೊಂಡು ಊರು ಬಿಟ್ಟ ಜನ. ಮರುವರ್ಷ ಬಂದ ಮುನ್ಸಿಪಲ್ ಕಮಿಷನರ್ ಎಸ್.ಆರ್. ರಾವ್ ಊರನ್ನು ತೊಳೆದು ಹಸನು ಮಾಡಿದ ಕಥೆ ಆಡಳಿತ ಶಾಲೆಗಳ ಪಾಠವಾಗಿದೆ. ಅಷ್ಟು ಪ್ರಸಿದ್ಧವಾಗದ ಇನ್ನೊಂದು ಕಥೆಯೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಶುರುವಾಯಿತು. ಸೂರತ್, ನವಸಾರಿ, ವಲಸಾಡ್ ಜಿಲ್ಲೆಗಳಲ್ಲಿ ಮಳೆಗಾಲ ಬಂದಾಗೆಲ್ಲ ಲೆಪ್ಟೋಸ್ಪೈರೋಸಿಸ್, ನಮ್ಮ ಕರಾವಳಿ-ಮಲೆನಾಡಿನವರು ಇಲಿಜ್ವರ ಎನ್ನುವ ಕಾಯಿಲೆ, ತಲೆ ಎತ್ತತೊಡಗಿತು. ಇಲಿ, ದನಗಳ ಮೂತ್ರ ಬೆರೆತ ಕೆಸರುನೀರಿನಿಂದ ಕಾಲಿನ ಬಿರುಕು, ಗಾಯಗಳ ಮೂಲಕ ಈ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಬಲಿಯಾಗುವವರು ಬರಿಗಾಲಲ್ಲಿ ಭತ್ತದ ನಾಟಿಗೆ ಇಳಿಯುವ ಕೂಲಿಗಳು, ಅವರಲ್ಲೂ ಭೂಮಿಯಿಲ್ಲದ ಹಳ್‌ಪತಿಗಳಂಥ ಆದಿವಾಸಿಗಳು. ನೀರು ಬಾಯಿಂದ ಹೋಯಿತೋ ಕಾಲಿಂದ ಹೋಯಿತೋ, ಕೆಟ್ಟ ನೀರಿನ ಕಾಯಿಲೆಯೇ ಇದು. ಮೂತ್ರಪಿಂಡವನ್ನು ಇದರಷ್ಟು ನೇರವಾಗಿ ಹುಡುಕಿಕೊಂಡು ಹೋಗುವ ರೋಗಾಣು ಇನ್ನೊಂದು ಸಿಗುವುದು ಕಷ್ಟ.

ಇಲಿಜ್ವರದ ಮೂತ್ರಪಿಂಡ ವೈಫಲ್ಯಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಎಷ್ಟೋ ರೋಗಿಗಳಲ್ಲಿ ಮೂತ್ರ ನಿಲ್ಲುವುದೇ ಇಲ್ಲ, ಧಾರಾಳವಾಗಿ ಹೋಗುತ್ತಿರುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಯುತ್ತಿರುತ್ತದೆ, ಕ್ರಿಯಾಟಿನಿನ್ ಮಾತ್ರ ಒಳಗೊಳಗೇ ಏರುತ್ತಿರುತ್ತದೆ. ‘ಉಚ್ಚೆ ಚೆನ್ನಾಗಿ ಆಗುತ್ತಿದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವ ಮನೆಯವರಿಗೆ ಪರೀಕ್ಷೆಯಿಲ್ಲದೆ ತಿಳಿಯುವ ದಾರಿಯಿಲ್ಲ. ಗುಜರಾತ್ ಸರಕಾರ ತಡೆಗಟ್ಟುವ ಕೆಲಸವನ್ನು ಗಂಭೀರವಾಗಿಯೇ ಮಾಡಿತು. ಮಳೆಗಾಲದಲ್ಲಿ ಗದ್ದೆ ಕೆಲಸದವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು, ಜ್ವರ ಬಂದವರನ್ನು ಬೇಗ ಗುರುತಿಸಿ ಸೂರತ್ತಿನ ದೊಡ್ಡ ಆಸ್ಪತ್ರೆಗಳಿಗೆ ಸಾಗಿಸುವ ಏರ್ಪಾಟು ಮಾಡಿತು, ಡಯಾಲಿಸಿಸ್ ಒದಗಿಸಿತು. ಬದುಕಿ ಬಂದವರು ಗದ್ದೆಗೆ ಮರಳಿದರು. ಅಲ್ಲಿಗೆ ಕಥೆ ಮುಗಿಯಿತೆಂದು ಸರಕಾರ ತಿಳಿಯಿತು. ತೈವಾನಿನ ಸಂಶೋಧಕರು ಮಾತ್ರ ತಮ್ಮಲ್ಲಿ ಹಿಂದೆ ಈ ಸೋಂಕು ತಗಲಿದ ಗುರುತು ರಕ್ತದಲ್ಲಿದ್ದವರನ್ನು ಪರೀಕ್ಷಿಸಿ, ಅವರಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ ಉಳಿದವರಿಗಿಂತ ಕಡಿಮೆ ಇರುವುದನ್ನು 2015ರಲ್ಲಿ ವರದಿ ಮಾಡಿದರು. ಅದೇ ಪ್ರಶ್ನೆಯನ್ನು ಕೇಳಲು ಸೂರತ್ ಜಿಲ್ಲೆಯ ಮಹುವಾ, ಮಾಂಡ್ವಿ ತಾಲ್ಲೂಕುಗಳಿಗಿಂತ ಸೂಕ್ತವಾದ ಜಾಗ ನಮ್ಮ ದೇಶದಲ್ಲಿ ಎಷ್ಟಿವೆ?

ವಡೋದರಾದ ಪಾಲಿಗೆ ಬಂದದ್ದು ಪಾನಿಪುರಿ. 2018ರ ಜುಲೈಯಲ್ಲಿ ಕಾಮಾಲೆ, ಟೈಫಾಯಿಡ್ ಹೆಚ್ಚಿದಾಗ ಅಲ್ಲಿನ ಪಾಲಿಕೆ ಪಾನಿಪುರಿ ತಯಾರಿಸುವ ಮನೆ-ಗೂಡುಗಳ ಮೇಲೆ ದಾಳಿ ಮಾಡಿ, ಸಾವಿರಾರು ಕಿಲೋ ಪುರಿ, ಆಲೂಗಡ್ಡೆ, ಕಡಲೆಯನ್ನು ನಾಶಪಡಿಸಿ, ಮಳೆಗಾಲಕ್ಕೆ ಮಾರಾಟವನ್ನೇ ನಿಷೇಧಿಸಿತು. ದೇಶದ ಎಲ್ಲ ಪತ್ರಿಕೆಗಳಲ್ಲೂ ಫೋಟೋ ಬಂತು. ಗಾಡಿಯವನ ನೀರು ಸ್ವಚ್ಛವಾಗಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ಆ ನೀರು ಅವನಿಗೆ ಬಂದದ್ದು ಎಲ್ಲಿಂದ? ಸಯಾಜಿರಾವ್ ಗಾಯಕವಾಡರು 19ನೇ ಶತಮಾನದಲ್ಲೇ ಅಜ್ವಾ ಜಲಾಶಯ ಕಟ್ಟಿಸಿ ನಲ್ಲಿ ನೀರು ಕೊಟ್ಟ ಊರು ಅದು. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್, ಊರಿಗೆ ಮೊದಲ ಬಟ್ಟೆಗಿರಣಿ ತಂದ ಅದೇ ಮನುಷ್ಯ, ಪುರಸಭೆಯ ಅಧ್ಯಕ್ಷರಾಗಿ ದೂಧೇಶ್ವರದ ನೀರು ಸರಬರಾಜು ಕೇಂದ್ರ ಕಟ್ಟಿಸಿದ್ದು 1891ರಲ್ಲಿ. ನೆಲದಡಿಯ ಚರಂಡಿ ಬೇಕೆಂದು ಅವರು ಹೇಳಿದಾಗ ತೆರಿಗೆ ಏರುತ್ತದೆಂದು ಊರಿನ ಗಣ್ಯರೇ ಎದ್ದು ವಿರೋಧಿಸಿದ್ದರು. ನೀರಿನ ಕೊಳವೆಗೆ ಎಲ್ಲರೂ ಸೈ, ಚರಂಡಿಗೆ ಹಣ ಎಂದರೆ ಮುಖ ತಿರುಗಿಸುವ ಚಾಳಿ ಅಂದಿನಿಂದ ಇಂದಿನವರೆಗೂ ಬಂದಿದೆ.

ಹಳೆಯ ಗಿರಣಿ ಚಾಳಿನ ಓಣಿಯೊಂದರಲ್ಲಿ ನೀರು ಹೇಗೆ ಕೆಡುತ್ತದೆ ನೋಡಿ. ನೀರು ಬರುವುದು ದಿನಕ್ಕೆ ಒಂದೆರಡು ತಾಸು. ಆ ಹೊತ್ತಿಗೆ ಮನೆಮನೆಯಲ್ಲೂ ಮೋಟಾರು ಗುಂಯ್‌ಗುಡುತ್ತದೆ, ಏಕೆಂದರೆ ಒತ್ತಡ ಸಾಲದು. ಮನೆಗೆ ಬರುವ ಸಣ್ಣ ಕೊಳವೆ ಎಷ್ಟೋ ಕಡೆ ಗಟಾರವನ್ನು ದಾಟಿಕೊಂಡೇ, ಕೆಲವೆಡೆ ಅದರೊಳಗೇ ಮುಳುಗಿಕೊಂಡು ಬಂದಿರುತ್ತದೆ. ಜೋಡಣೆಯಲ್ಲಿ ತುಕ್ಕು ಹಿಡಿದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ನೀರು ಬರುವಾಗ ಅದು ಹೊರಗೆ ಸೋರುತ್ತದೆ, ಅಷ್ಟೇ. ನೀರು ನಿಂತು ಕೊಳವೆ ಖಾಲಿಯಾದಾಗ, ಇಲ್ಲವೇ ಪಕ್ಕದ ಮನೆಯ ಮೋಟಾರು ಜಗ್ಗಿದಾಗ, ಅದೇ ಬಿರುಕಿನಿಂದ ಗಟಾರದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಮರುದಿನ ಬೆಳಿಗ್ಗೆ ಮೊದಲ ಎರಡು ಕೊಡ ಹಳದಿಯಾಗಿ, ನಾರುತ್ತ ಬರುತ್ತವೆ. ಅದನ್ನು ಚೆಲ್ಲಿ ಮೂರನೆಯದನ್ನು ತುಂಬಿಸಿಕೊಳ್ಳುವುದು ಅಲ್ಲಿನ ಹೆಂಗಸರಿಗೆ ರೂಢಿ. ಶುದ್ಧೀಕರಣ ಘಟಕದಲ್ಲಿ ನೀರು ಎಷ್ಟೇ ಚೆನ್ನಾಗಿರಲಿ, ಕೊನೆಯ ನೂರು ಅಡಿಯಲ್ಲಿ ಅದು ಕೆಟ್ಟಿತು. ಅಹಮದಾಬಾದಿಗೆ ಹತ್ತಿರದ ಕಲೋಲ್‌ನಲ್ಲಿ 2021ರ ಜುಲೈಯಲ್ಲಿ ಕಾಲರಾ ಕಾಣಿಸಿಕೊಂಡು ಜನ ಸತ್ತಾಗಲೂ ಬೆರಳು ತೋರಿಸಿದ್ದು ಸೋರುವ ಕೊಳವೆಗಳ ಕಡೆಗೇ.

ಈ ಮೂರೂ ನಗರಗಳ ಬಗ್ಗೆ ಗೌರವದಿಂದ ಹೇಳಬೇಕಾದ ಮಾತೂ ಇದೆ. ಮೂತ್ರಪಿಂಡದ ಚಿಕಿತ್ಸೆಯಲ್ಲಿ ಗುಜರಾತಿಗೆ ದೊಡ್ಡ ಪರಂಪರೆಯಿದೆ. ಹಳವದ್ ತಾಲ್ಲೂಕಿನ ಹಳ್ಳಿಯಿಂದ ಬಂದ ಡಾ. ಎಚ್.ಎಲ್. ತ್ರಿವೇದಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು 1977ರಲ್ಲಿ ಅಹಮದಾಬಾದಿಗೆ ಮರಳಿದರು. ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಅವರು ಕಟ್ಟಿದ ಮೂತ್ರಪಿಂಡ ಸಂಸ್ಥೆ ಇಂದು ಕಸಿ ಶಸ್ತ್ರಚಿಕಿತ್ಸೆಯಲ್ಲಿ ದೇಶದ ದೊಡ್ಡ ಹೆಸರುಗಳಲ್ಲೊಂದು. 2015ರಲ್ಲಿ ಪದ್ಮಶ್ರೀ ಪಡೆದ ತ್ರಿವೇದಿ 2019ರ ಅಕ್ಟೋಬರ್ 2ರಂದು ತೀರಿಕೊಂಡರು. ಸಂಸ್ಥೆಗೆ 2022ರಲ್ಲಿ ಹೊಸ ಕಟ್ಟಡ ಬಂತು. ಅದರ ಆಸರೆಯಲ್ಲಿ ರಾಜ್ಯದ ಜಿಲ್ಲೆ, ತಾಲ್ಲೂಕುಗಳಲ್ಲಿ ಉಚಿತ ಡಯಾಲಿಸಿಸ್ ಕೇಂದ್ರಗಳು ನಡೆಯುತ್ತಿವೆ. ಅಹಮದಾಬಾದ್-ವಡೋದರಾ ನಡುವಿನ ನಡಿಯಾದ್‌ನಲ್ಲಿ 1978ರಿಂದಲೂ ಮೂಲ್‌ಜಿಭಾಯಿ ಪಟೇಲ್ ಆಸ್ಪತ್ರೆ ಇದೆ. ಕೈಕೊಟ್ಟ ಮೂತ್ರಪಿಂಡಕ್ಕೆ ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡ ರಾಜ್ಯ, ಕೈಕೊಡಲಿರುವ ಮೂತ್ರಪಿಂಡವನ್ನು ಮೊದಲೇ ಹಿಡಿಯುವ ಸಣ್ಣ ಖರ್ಚನ್ನು ಮಾಡುತ್ತಿಲ್ಲ. ಡಯಾಲಿಸಿಸ್ ಉಚಿತವಾದರೂ ವಾರಕ್ಕೆ ಎರಡು-ಮೂರು ದಿನ, ಸಲಕ್ಕೆ ನಾಲ್ಕು ತಾಸು ಯಂತ್ರದ ಪಕ್ಕ ಮಲಗುವವನ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ತಪ್ಪುತ್ತಿರುವ ಕೊಂಡಿ ಯಾವುದೆಂದು ನೋಡಲು ಒಂದು ಡಿಸ್‌ಚಾರ್ಜ್ ಕಾರ್ಡನ್ನು ಊಹಿಸಿಕೊಳ್ಳಿ. ಗುಜರಾತಿರಲಿ, ಕರ್ನಾಟಕವಿರಲಿ, ಬಹುಮಟ್ಟಿಗೆ ಹೀಗೇ ಇರುತ್ತದೆ. ಸೇರಿದಾಗಿನ ಕ್ರಿಯಾಟಿನಿನ್ 3.8, ಬಿಡುವಾಗ 1.5. ಪಕ್ಕದಲ್ಲಿ ‘ಸುಧಾರಿಸಿದೆ’ ಎಂಬ ಷರಾ. ಐದು ದಿನದ ಆಂಟಿಬಯಾಟಿಕ್, ಗ್ಯಾಸಿನ ಮಾತ್ರೆ, ‘ಹಗುರವಾದ ಊಟ’. ಕೊನೆಗೆ ‘ಅಗತ್ಯವಿದ್ದರೆ ಬನ್ನಿ’. ಅಗತ್ಯವನ್ನು ರೋಗಿ ತಿಳಿಯುವುದು ಹೇಗೆ? 1.5 ಎಂಬುದು 3.8ಕ್ಕೆ ಹೋಲಿಸಿದರೆ ಸುಧಾರಣೆ, ನಿಜ. ಕಾಯಿಲೆಗೆ ಮುಂಚೆ ಅದು 0.8 ಇದ್ದಿದ್ದರೆ, ಆ ಮನುಷ್ಯ ಮೂತ್ರಪಿಂಡದ ಅರ್ಧದಷ್ಟು ಶಕ್ತಿ ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದಾನೆ. ಹೋದದ್ದು ಮುಂದೆ ಮರಳೀತು, ಮರಳದೆಯೂ ಇದ್ದೀತು. ನೋಡದೆ ಗೊತ್ತಾಗದು.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಆ ಕಾರ್ಡಿನ ಕೊನೆಯ ಸಾಲಿನಿಂದ. ಭೇದಿ, ಆಹಾರ ವಿಷ, ಇಲಿಜ್ವರದಿಂದ ಸೇರಿದವರಲ್ಲಿ ಕ್ರಿಯಾಟಿನಿನ್ ಏರಿದ್ದವರು, ಮೂತ್ರ ನಿಂತಿದ್ದವರು, ರಕ್ತಭೇದಿಯಾದ ಮಕ್ಕಳು, ಮೊದಲೇ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದವರು, ಗರ್ಭಿಣಿಯರು, ಇಷ್ಟು ಜನರ ಕಾರ್ಡಿನ ಮೇಲೆ ಮೂರು ತಿಂಗಳ ನಂತರದ ಒಂದು ತಾರೀಖು ಕೆಂಪು ಶಾಯಿಯಲ್ಲಿ ಇರಬೇಕು. ಅಂದು ಮಾಡಬೇಕಾದ್ದು ಬಿ.ಪಿ., ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್. ನಗರ ಆರೋಗ್ಯ ಕೇಂದ್ರದಲ್ಲಿ ಆಗುವ ಪರೀಕ್ಷೆಗಳು, ಕೆಲವೇ ನೂರು ರೂಪಾಯಿಯ ಬಾಬತ್ತು. ಸರಿಯಿದ್ದರೆ ವರ್ಷಕ್ಕೊಮ್ಮೆ ಬಿ.ಪಿ., ಮೂತ್ರ ನೋಡಿದರಾಯಿತು. ಸರಿಯಿಲ್ಲದಿದ್ದರೆ ಮೂತ್ರದ ಪ್ರೋಟೀನು ತಗ್ಗಿಸಿ, ಒತ್ತಡ ಹತೋಟಿಗೆ ತಂದು, ಮೂತ್ರಪಿಂಡದ ಆಯಸ್ಸನ್ನು ವರ್ಷಗಟ್ಟಲೆ ಹಿಗ್ಗಿಸುವ ಅಗ್ಗದ ಮಾತ್ರೆಗಳು ಇವೆ. ಈಗಾಗಲೇ ಹೊರೆ ಹೊತ್ತ ಆರೋಗ್ಯ ಕೇಂದ್ರಕ್ಕೆ ಇದೊಂದು ಹೆಚ್ಚಿನ ಹೊರೆ ಎನ್ನುವವರಿಗೆ ನೆನಪಿಸಬೇಕು: ಬಿ.ಪಿ., ಸಕ್ಕರೆ ತಪಾಸಣೆ ಹೇಗೂ ನಡೆಯುತ್ತಿದೆ. ಆ ಸಾಲಿನಲ್ಲಿ ನಿಂತವರನ್ನು ‘ಹಿಂದೆ ಭೇದಿಯಿಂದ ಆಸ್ಪತ್ರೆ ಸೇರಿದ್ದಿರಾ?’ ಎಂದು ಕೇಳಲು ಹೊಸ ಕಟ್ಟಡ ಬೇಕಿಲ್ಲ.

ಮನೆಯಲ್ಲಿ ಪಾಲಿಸಬೇಕಾದ್ದು ಇನ್ನೂ ಸರಳ. ಭೇದಿ ಶುರುವಾದ ಮೊದಲ ತಾಸಿನಿಂದ ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲಾನಬಿಸ್ ಡ್ರಮ್ಮುಗಳಲ್ಲಿ ಕಲಸಿ ಹಂಚಿ ಕಾಲರಾ ಸಾವುಗಳನ್ನು ಇಳಿಸಿದ ಆ ಉಪ್ಪು-ಸಕ್ಕರೆಯ ನೀರು ಮೂತ್ರಪಿಂಡಕ್ಕೂ ಮೊದಲ ಮದ್ದು. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಸಿಹಿ ಪಾನೀಯ ಅದಲ್ಲ. ಓಆರ್‌ಎಸ್ ಎಂಬ ಹೆಸರನ್ನು ಅಂಥ ಡಬ್ಬಿಗಳ ಮೇಲೆ ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಬೇಕಾಗಿ ಬಂತು. ಮೈಕೈ ನೋವಿಗೆ ನೋವಿನ ಮಾತ್ರೆ ಬೇಡ. ಬಿ.ಪಿ. ಮತ್ತು ಸಕ್ಕರೆಯ ಕೆಲವು ಮಾತ್ರೆಗಳನ್ನು ಭೇದಿ ಇರುವ ದಿನಗಳಲ್ಲಿ ನಿಲ್ಲಿಸಬೇಕಾಗಬಹುದು, ವೈದ್ಯರನ್ನು ಕೇಳಿ. ಮಲದಲ್ಲಿ ರಕ್ತವಿದ್ದರೆ ಅಂಗಡಿಯವನು ಕೊಟ್ಟ ಆಂಟಿಬಯಾಟಿಕ್ ನುಂಗಬೇಡಿ. ಶಿಗೆಲ್ಲಾ ಭೇದಿಯಲ್ಲಿ ಸರಿಯಾದ ಆಂಟಿಬಯಾಟಿಕ್ ಬೇಗ ಸಿಕ್ಕರೆ ಒಳ್ಳೆಯದು, ಆದರೆ ವಿಷ ಉಗುಳುವ ಇ. ಕೋಲಿಯಲ್ಲಿ ಅದೇ ಮಾತ್ರೆ ಎಚ್‌ಯುಎಸ್‌ನ ಅಪಾಯ ಹೆಚ್ಚಿಸಬಹುದು. ಯಾವುದು ಯಾವುದೆಂದು ಅಂಗಡಿಯ ಕೌಂಟರಿನಲ್ಲಿ ತಿಳಿಯುವುದಿಲ್ಲ.

ಗುಜರಾತಿಗೆ ಬುದ್ಧಿ ಹೇಳಲು ನಮಗೇನು ಹಕ್ಕಿದೆ ಎಂದು ಓದುಗರು ಕೇಳಬಹುದು, ಕೇಳಬೇಕು. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲೇ, ಅಂದರೆ ನಾಳಿನ ವೈದ್ಯರ ತಟ್ಟೆಯಲ್ಲೇ, ವಾಂತಿ-ಭೇದಿ ಹರಡಿ ಹತ್ತಾರು ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಿದರು. ನಡುವೆ, 2023ರ ಆಗಸ್ಟ್ ಆರಂಭದಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರಿಗೆ ಕನಿಷ್ಠ ಐವರು ಬಲಿಯಾದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪರಿಹಾರ ಘೋಷಣೆಯಾಯಿತು, ಅಮಾನತು ಆಯಿತು, ಮಂತ್ರಿಗಳು ಬಂದು ಹೋದರು. ಅಂದು ದಾಖಲಾದವರ ಹೆಸರಿನ ಪಟ್ಟಿ ಚಿತ್ರದುರ್ಗ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಇರಲೇಬೇಕು. ಆ ಪಟ್ಟಿ ಹಿಡಿದು, ಒಂದು ಬಿ.ಪಿ. ಯಂತ್ರ, ಒಂದು ಪೆಟ್ಟಿಗೆ ಮೂತ್ರಪರೀಕ್ಷೆಯ ಪಟ್ಟಿಗಳು, ರಕ್ತ ತೆಗೆಯುವ ಒಬ್ಬ ಸಿಬ್ಬಂದಿಯೊಂದಿಗೆ ಕವಾಡಿಗರಹಟ್ಟಿಗೆ ಒಂದು ದಿನ ಹೋಗಿಬನ್ನಿ ಎಂದು ಆರೋಗ್ಯ ಇಲಾಖೆಯನ್ನು ಕೇಳುತ್ತಿದ್ದೇನೆ.